ಸಿಂಹ ಹೆಚ್ಚಿದೆ, ಸರಿ. ಅದಕ್ಕೆ ಎರಡನೇ ಮನೆ ಯಾಕಿಲ್ಲ?

ಮಲವಗೊಪ್ಪದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಮೊಬೈಲ್ ಮುಂದೆ ಹಿಡಿದರು. ವಾಟ್ಸಾಪಿನಲ್ಲಿ ಬಂದ ವಿಡಿಯೊ. ಗುಜರಾತಿನ ಯಾವುದೋ ಹಳ್ಳಿ, ರಾತ್ರಿ ಹೊತ್ತು. ಬೀದಿ ದೀಪದ ಕೆಳಗೆ ಮೂರು ಸಿಂಹಿಣಿಗಳು ಸಾಲಾಗಿ ನಡೆದುಹೋಗುತ್ತಿವೆ. ದನ ಕಟ್ಟಿದ ಮನೆ ದಾಟಿ, ಮುಚ್ಚಿದ ಅಂಗಡಿ ದಾಟಿ, ಸಂತೆ ಮುಗಿಸಿ ಮನೆಗೆ ಹೊರಟವರ ಹಾಗೆ.

"ನೋಡೋ, ಹುಲಿ ಇದೆ, ಆನೆ ಇದೆ, ಚಿರತೆ ಅಂತೂ ತೋಟಕ್ಕೇ ಬರ್ತದೆ. ಇದೊಂದು ಇಲ್ಲ ನಮ್ ಕಡೆ. ಅವರ ಹತ್ರ ಅಷ್ಟೊಂದು ಇದಾವಂತೆ. ಭದ್ರಾ ಕಾಡಿಗೆ ಒಂದೆರಡು ಜೋಡಿ ತಂದು ಬಿಟ್ರೆ ಏನಾಗ್ತದೆ?"

ದೊಡ್ಡಪ್ಪನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸುಲಭ: ಆಗಲ್ಲ. ಸಿಂಹ ಬಯಲಿನ ಪ್ರಾಣಿ. ಹುಲ್ಲುಗಾವಲು, ಕುರುಚಲು, ಒಣ ಎಲೆ ಉದುರುವ ತೆಳು ಕಾಡು ಅದಕ್ಕೆ ಬೇಕು. ಭಾರತದಲ್ಲಿ ಅದು ಒಂದು ಕಾಲಕ್ಕೆ ಸಿಂಧ್‌, ಪಂಜಾಬ್‌ನಿಂದ ಹಿಡಿದು ಈಗಿನ ಜಾರ್ಖಂಡ್‌ವರೆಗೆ ಇತ್ತು. ದಕ್ಷಿಣದಲ್ಲಿ ಅದರ ಗಡಿ ನರ್ಮದಾ ನದಿ. ಅದನ್ನು ದಾಟಿ ಈ ಕಡೆ ಬಂದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಬಿದಿರು, ತೇಗ ದಟ್ಟವಾಗಿರುವ ಭದ್ರಾ ಹುಲಿಯ ಜಾಗ. ಅಲ್ಲಿಗೆ ಸಿಂಹ ತಂದರೆ ಹೊರಗಿನವನನ್ನು ತಂದು ಹಾಕಿದ ಹಾಗೆ.

ಆದರೆ ಅದಕ್ಕೆ ಹೇಳಿಮಾಡಿಸಿದ ಹಾಗಿದ್ದ ಜಾಗಕ್ಕೂ ಅದನ್ನು ಯಾಕೆ ಒಯ್ಯಲಿಲ್ಲ ಅನ್ನೋದು ಬೇರೆ ಕತೆ. ಅದಕ್ಕೆ ಉತ್ತರ ಕಾಡಿನಲ್ಲಿಲ್ಲ, ರಾಜಕೀಯದಲ್ಲಿದೆ.

ನಮ್ಮ ಕಡೆ ಸಿಂಹವೇ ಇರಲಿಲ್ಲ ಅಂದರೆ ಎಷ್ಟೋ ಜನ ನಂಬಲ್ಲ. ತಪ್ಪೂ ಅಲ್ಲ. ನಮ್ಮ ಜಿಲ್ಲೆಯ ಬಳ್ಳಿಗಾವಿಗೆ ಹೋಗಿ ನೋಡಿ, ಕೇದಾರೇಶ್ವರ ದೇವಸ್ಥಾನದ ಮೇಲೆ ಹೊಯ್ಸಳ ಲಾಂಛನ ಇದೆ. ಸಳ ಹೊಯ್ದದ್ದು ಹುಲಿಯನ್ನು ಅಂತ ಕತೆ ಹೇಳುತ್ತದೆ, ಶಿಲ್ಪಿ ಮಾತ್ರ ಅದಕ್ಕೆ ಸಿಂಹದ ಕೇಸರ ಕೆತ್ತಿದ್ದಾನೆ. ಪಾಪ, ಅವನು ಸಿಂಹ ನೋಡಿದ್ದರೆ ತಾನೇ! ಕೇಳಿದ್ದ, ಹಿಂದಿನವರು ಕೆತ್ತಿದ್ದನ್ನು ಕಂಡಿದ್ದ, ಅಷ್ಟೇ. ನರಸಿಂಹ, ಸಿಂಹಾಸನ, ಸಿಂಹಪಾಲು ಅಂತ ನಮ್ಮ ಮಾತಿನ ತುಂಬಾ ಓಡಾಡುವ ಈ ಪ್ರಾಣಿ ನಮ್ಮ ಮಣ್ಣಿನಲ್ಲಿ ಹೆಜ್ಜೆಯನ್ನೇ ಇಟ್ಟಿಲ್ಲ.

ನಾನು ಸಿಂಹ ನೋಡಿದ್ದು ಏಳನೇ ಕ್ಲಾಸಿನಲ್ಲಿ, ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲಿ. 1988ರಲ್ಲಿ ಶುರುವಾದ ಹುಲಿ-ಸಿಂಹಧಾಮ ಅದು, ಶಿವಮೊಗ್ಗದ ಶಾಲೆಗಳಿಗೆ ಖಾಯಂ ಪ್ರವಾಸ. ಜಾಲರಿ ಹೊಡೆದ ವ್ಯಾನು, ಮರದ ಕೆಳಗೆ ಮಲಗಿದ್ದ ಗಂಡು ಸಿಂಹ. ಅದು ಕಣ್ಣೇ ಬಿಡಲಿಲ್ಲ. ನಮಗೆಲ್ಲ ಭಾರಿ ನಿರಾಸೆ. ಆಮೇಲೆ ಗೊತ್ತಾಯಿತು, ಕಾಡಿನಲ್ಲೂ ಅದು ದಿನಕ್ಕೆ 20 ಗಂಟೆಯವರೆಗೆ ಬಿದ್ದುಕೊಂಡೇ ಇರುತ್ತದೆ ಅಂತ. ನಾವು ನೋಡಿದ್ದು ಅಸಲಿ ಸಿಂಹದ ಅಸಲಿ ನಡವಳಿಕೆಯನ್ನೇ!

ಇಷ್ಟು ಮೃಗಾಲಯ, ಸಫಾರಿಗಳಲ್ಲಿ ಸಿಂಹ ಇರುವಾಗ ಅದು ಅಳಿದುಹೋಗುತ್ತದೆ ಅನ್ನುವ ಭಯ ಯಾಕೆ ಅಂತ ಕೇಳುವವರಿದ್ದಾರೆ. ಬೋನಿನಲ್ಲಿ ಬೆಳೆದ ಸಿಂಹಕ್ಕೆ ಬೇಟೆ ಗೊತ್ತಿಲ್ಲ, ಗುಂಪಿನ ಬದುಕು ಗೊತ್ತಿಲ್ಲ. ಜೊತೆಗೆ ನಮ್ಮ ದೇಶದ ಮೃಗಾಲಯಗಳ ಸಿಂಹಗಳಲ್ಲಿ ದೊಡ್ಡ ಪಾಲು ಬೆರಕೆ. ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್ಸಿನ ಆಫ್ರಿಕನ್ ಸಿಂಹಗಳನ್ನು ಏಷ್ಯಾದ ಸಿಂಹಗಳ ಜೊತೆ ಸೇರಿಸಿ ಮರಿ ಮಾಡಿಸಿದರು, ಆ ತಳಿ ದೇಶದಲ್ಲೆಲ್ಲ ಹಂಚಿಹೋಯಿತು. ಕೊನೆಗೆ ಸಂತಾನಹರಣ ಮಾಡಿ ನಿಲ್ಲಿಸಬೇಕಾಯಿತು. ಸರ್ಕಸ್ಸಿನಲ್ಲಿ ಸಿಂಹ, ಹುಲಿ ಆಡಿಸುವುದು ನಿಷೇಧವಾದ ಮೇಲೆ ಬಿಡುಗಡೆಯಾದ ಎಷ್ಟೋ ಪ್ರಾಣಿಗಳು ಬನ್ನೇರುಘಟ್ಟದಂಥ ಕಡೆ ಬಂದು ಸೇರಿದವು. ಅವಕ್ಕೆ ನೆಮ್ಮದಿಯ ಮುಪ್ಪು ಸಿಕ್ಕಿತು, ಒಳ್ಳೆಯದೇ. ಆದರೆ ಕಾಡಿಗೆ ಬಿಡುವ ಸ್ಟಾಕ್ ಅದಲ್ಲ.

ಈಗ ಅಂಕಿಸಂಖ್ಯೆಗೆ ಬರೋಣ. 2025ರ ಮೇ ತಿಂಗಳಲ್ಲಿ ಗುಜರಾತ್ ಸರ್ಕಾರ ಸಿಂಹ ಗಣತಿಯ ಲೆಕ್ಕ ಕೊಟ್ಟಿತು: 891. 2010ರಲ್ಲಿ 411, 2015ರಲ್ಲಿ 523, 2020ರಲ್ಲಿ 674. ಇನ್ನೂ ಹಿಂದೆ, 1968ರಲ್ಲಿ ಬರೀ 177 ಇದ್ದವು. ನಿಜಕ್ಕೂ ದೊಡ್ಡ ಸಾಧನೆ ಇದು. ಜುನಾಗಢದ ನವಾಬರು ಬೇಟೆ ತಡೆಯದಿದ್ದರೆ, ಆಮೇಲಿನ ಅರಣ್ಯ ಇಲಾಖೆ ಕೆಲಸ ಮಾಡದಿದ್ದರೆ, ಗಿರ್‌ನ ಮಾಲಧಾರಿ ದನಗಾಹಿಗಳು ಕೊಟ್ಟಿಗೆಗೆ ನುಗ್ಗಿದ ಸಿಂಹವನ್ನು ಸಹಿಸಿಕೊಳ್ಳದಿದ್ದರೆ ಇದು ಆಗುತ್ತಿರಲಿಲ್ಲ. ಗುಜರಾತಿಗೆ ಸಲ್ಲಬೇಕಾದ ಶಹಬ್ಬಾಸ್ ಸಲ್ಲಲಿ.

ಆದರೆ ಈ 891ರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಂಹಗಳು ಗಿರ್ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಹೊರಗಿವೆ. ಹೊಲ, ಮಾವಿನ ತೋಪು, ಕಲ್ಲುಕ್ವಾರಿ, ರೈಲ್ವೆ ಹಳಿ, ಬಂದರಿನ ರಸ್ತೆ, ಎಲ್ಲ ಕಡೆ. ದೊಡ್ಡಪ್ಪನ ವಿಡಿಯೊದಲ್ಲಿದ್ದದ್ದು ಅಂಥವೇ. ನಾವು ಅದನ್ನು ನೋಡಿ ಖುಷಿಪಟ್ಟೆವು. ಅದು ಕಾಡು ತುಂಬಿ ಹೊರಗೆ ಚೆಲ್ಲಿರುವ ದೃಶ್ಯ. 2023 ಮತ್ತು 2024, ಎರಡೇ ವರ್ಷದಲ್ಲಿ 286 ಸಿಂಹಗಳು ಸತ್ತಿವೆ ಅಂತ ಗುಜರಾತ್ ಸರ್ಕಾರವೇ ವಿಧಾನಸಭೆಗೆ ಹೇಳಿದೆ. ಅರ್ಧದಷ್ಟು ಮರಿಗಳು. ಮರಿ ಸಾಯುವುದು ಸಿಂಹದ ಲೋಕದಲ್ಲಿ ಹೊಸದಲ್ಲ, ಹೊಸ ಗಂಡು ಬಂದರೆ ಹಳೆಯವನ ಮರಿಗಳನ್ನು ಕೊಲ್ಲುತ್ತದೆ. ಆದರೆ 58 ಸಾವುಗಳು ಅಸಹಜ. ತೆರೆದ ಬಾವಿಗೆ ಬೀಳುವುದು, ವಾಹನಕ್ಕೆ ಸಿಗುವುದು ಇಂಥವು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬಾವಿ, ರೈಲು ಅಲ್ಲ. ಒಂದು ವೈರಸ್.

2018ರ ಸೆಪ್ಟೆಂಬರಿನಲ್ಲಿ ಗಿರ್‌ನ ದಲಖಾನಿಯಾ ವಲಯದಲ್ಲಿ ಸಿಂಹಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಮೂರು ವಾರದಲ್ಲಿ 23. ಮೊದಲು ಸರ್ಕಾರ ಹೇಳಿದ್ದು 'ಒಳಜಗಳ' ಅಂತ. ಆಮೇಲೆ ಪ್ರಯೋಗಾಲಯದ ವರದಿ ಬಂತು: ಕ್ಯಾನೈನ್ ಡಿಸ್ಟೆಂಪರ್ ವೈರಸ್. ನಾಯಿಗಳ ಕಾಯಿಲೆ. ಅಮೆರಿಕದಿಂದ ತುರ್ತಾಗಿ ಲಸಿಕೆ ತರಿಸಿದರು.

ಇಲ್ಲಿ ಸಿಂಹದ ಸ್ವಭಾವ ಮುಖ್ಯವಾಗುತ್ತದೆ. ಹುಲಿ, ಚಿರತೆ ಒಂಟಿ. ದೊಡ್ಡ ಬೆಕ್ಕುಗಳಲ್ಲಿ ಸಂಸಾರ ಕಟ್ಟಿಕೊಂಡು ಬದುಕುವುದು ಸಿಂಹ ಮಾತ್ರ. ಗಿರ್‌ನಲ್ಲಿ ಈ ಸಂಸಾರ ಆಫ್ರಿಕದ ಹಾಗೂ ಅಲ್ಲ. ಹೆಣ್ಣುಗಳು ಮರಿಗಳ ಜೊತೆ ಸಣ್ಣ ಗುಂಪು, ಗಂಡುಗಳು ಇಬ್ಬರೋ ಮೂವರೋ ಜೊತೆಗಾರರಾಗಿ ಬೇರೆಯೇ ಓಡಾಟ. ಕೂಡುವ ಕಾಲ ಬಂದಾಗ ಅಥವಾ ದೊಡ್ಡ ಬೇಟೆ ಬಿದ್ದಾಗ ಒಟ್ಟಾಗುತ್ತಾರೆ. ಜೊತೆಗಾರನಿಲ್ಲದ ಗಂಡಿಗೆ ಸೀಮೆ ಉಳಿಸಿಕೊಳ್ಳುವುದೇ ಕಷ್ಟ. ಹೆಣ್ಣುಗಳು ಒಬ್ಬನ ಜೊತೆ ಮಾತ್ರ ಕೂಡದೆ ಅಕ್ಕಪಕ್ಕದ ಗುಂಪಿನ ಗಂಡುಗಳ ಜೊತೆಗೂ ಕೂಡುತ್ತವೆ, ಇವು ನನ್ನ ಮರಿ ಇರಬಹುದೇನೋ ಅಂತ ಗಂಡು ಕೊಲ್ಲದೆ ಬಿಡಲಿ ಅಂತ. ಎಂಥ ಲೆಕ್ಕಾಚಾರ ನೋಡಿ! ಒಟ್ಟಿನಲ್ಲಿ ಬದುಕಿಡೀ ಒಬ್ಬರನ್ನೊಬ್ಬರು ನೆಕ್ಕುತ್ತಾ, ಮುಖ ಉಜ್ಜುತ್ತಾ, ಒಂದೇ ಹೆಣಕ್ಕೆ ಐದಾರು ಬಾಯಿ ಹಾಕುತ್ತಾ ನಡೆಯುತ್ತದೆ. ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ನೆಟ್‌ವರ್ಕ್ ಬೇಕೇ? ಹಳ್ಳಿಯಂಚಿಗೆ ಬಂದ ಸಿಂಹ ಸತ್ತ ದನ ತಿನ್ನುತ್ತದೆ, ಅದೇ ದನಕ್ಕೆ ಬೀದಿನಾಯಿಯೂ ಬಾಯಿ ಹಾಕಿರುತ್ತದೆ. ಅಲ್ಲಿಂದ ಕಾಯಿಲೆ ಒಳಗೆ.

ಆಫ್ರಿಕದ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ವೈರಸ್ಸಿಗೆ ಸಿಂಹಗಳಲ್ಲಿ ಮೂರನೇ ಒಂದು ಭಾಗ ಸತ್ತವು. ಆ ವರ್ಷ ಬರ ಬಿದ್ದು, ಸೊರಗಿದ ಕಾಡೆಮ್ಮೆಗಳ ಮೈ ತುಂಬಾ ಉಣುಗು ಹತ್ತಿತ್ತು, ಅದರಿಂದ ಬಂದ ಇನ್ನೊಂದು ಸೋಂಕು ಸೇರಿಕೊಂಡು ಸಾವು ಹೆಚ್ಚಾಯಿತು ಅಂತ ಆಮೇಲೆ ವಿಜ್ಞಾನಿಗಳು ಕಂಡುಕೊಂಡರು. ಉಣುಗು ಅಂದರೆ ಏನು, ಕಾಡಿನ ಕಾಯಿಲೆ ಅಂದರೆ ಏನು ಅಂತ ಶಿವಮೊಗ್ಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಬೇಸಿಗೆ ಬಂದರೆ ಮಲೆನಾಡನ್ನು ನಡುಗಿಸುತ್ತದೆ.

ಸೆರೆಂಗೆಟಿಯ ಸಿಂಹಗಳು ಚೇತರಿಸಿಕೊಂಡವು. ಅಕಸ್ಮಾತ್ ಚೇತರಿಸಿಕೊಳ್ಳದಿದ್ದರೂ ಆಫ್ರಿಕದ ಬೇರೆ ದೇಶಗಳಲ್ಲಿ ಸಿಂಹ ಇದ್ದವು. ಗಿರ್‌ಗೆ ಆ ಅನುಕೂಲ ಇಲ್ಲ. ಆಫ್ರಿಕದ ಹೊರಗೆ ಜಗತ್ತಿನಲ್ಲಿ ಕಾಡು ಸಿಂಹ ಇರುವುದು ಸೌರಾಷ್ಟ್ರದಲ್ಲಿ ಮಾತ್ರ. ಮೇಲಾಗಿ ಇವೆಲ್ಲ ಒಂದು ಕಾಲದಲ್ಲಿ ಉಳಿದಿದ್ದ ಕೆಲವೇ ಕೆಲವು ಸಿಂಹಗಳ ಸಂತಾನ. ವಂಶವಾಹಿಯ ವೈವಿಧ್ಯ ಕಡಿಮೆ. ಒಂದಕ್ಕೆ ತಡೆಯಲಾಗದ ರೋಗ ಹೆಚ್ಚುಕಡಿಮೆ ಎಲ್ಲಕ್ಕೂ ತಡೆಯಲಾಗದ್ದೇ.

ಇದನ್ನು ನಾವು ಚಿಕ್ಕ ಪ್ರಮಾಣದಲ್ಲಿ ಮನೆ ಹತ್ತಿರವೇ ನೋಡಿದ್ದೀವಿ. 2025ರ ನವೆಂಬರಿನಲ್ಲಿ ಬೆಳಗಾವಿ ಹತ್ತಿರದ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಗಳಲೆ ರೋಗಕ್ಕೆ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗ ಸತ್ತವು, ಉಳಿದದ್ದು ಬೆರಳೆಣಿಕೆ. ಅದೇ ವರ್ಷದ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷ ಹಾಕಿದ ಹಸುವಿನ ಹೆಣ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಹೊಟ್ಟೆ ಉರಿಯುವ ಸುದ್ದಿ. ಆದರೂ ಅದರಿಂದ ಹುಲಿ ಸಂತತಿಗೆ ಕುತ್ತು ಬರಲಿಲ್ಲ. ನಾಗರಹೊಳೆಯಲ್ಲಿದೆ, ಬಂಡೀಪುರದಲ್ಲಿದೆ, ಭದ್ರಾದಲ್ಲಿದೆ, ದೇಶದ ಹತ್ತಾರು ಕಡೆ ಇದೆ. ಮಧ್ಯಪ್ರದೇಶದ ಪನ್ನಾದಲ್ಲಿ ಹುಲಿ ಪೂರ್ತಿ ಖಾಲಿಯಾದಾಗ, 2009ರಲ್ಲಿ ಬೇರೆ ಕಾಡಿನಿಂದ ತಂದು ಮತ್ತೆ ಬೆಳೆಸಲಿಕ್ಕಾಯಿತು. ಗಿರ್ ಖಾಲಿಯಾದರೆ ಎಲ್ಲಿಂದ ತರುವುದು?

ನಾನು ಓದಿದ್ದು ಎಂಜಿನಿಯರಿಂಗ್. ಕೆಲಸಕ್ಕೆ ಬಂದದ್ದು ಕಡಿಮೆ, ಒಂದು ಪಾಠ ಮಾತ್ರ ತಲೆಯಲ್ಲಿ ಉಳಿದಿದೆ: ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆ ನಿಂತುಹೋಗುತ್ತದೆ ಅಂದರೆ ಅದು ಕೆಟ್ಟ ಡಿಸೈನ್. ಆ ಭಾಗ ಎಷ್ಟೇ ಚೆನ್ನಾಗಿ ಓಡುತ್ತಿರಲಿ. ಡೇಟಾ ಒಂದೇ ಸರ್ವರಿನಲ್ಲಿಟ್ಟು, ಸರ್ವರ್ ದೊಡ್ಡದಾಗಿದೆ ನೋಡಿ ಅಂತ ಬೀಗಿದರೆ ಯಾರೂ ಕೆಲಸದಲ್ಲಿ ಇಟ್ಟುಕೊಳ್ಳಲ್ಲ.

ಈ ಪಾಠ ಕಲಿಯಲಿಕ್ಕೆ ಕಾಲೇಜೂ ಬೇಡ. ಮಲವಗೊಪ್ಪದಿಂದ ಭದ್ರಾವತಿ ಕಡೆ ಬಸ್ ಹತ್ತಿದರೆ ಸಾಕು. ನಮ್ಮೂರಿನಲ್ಲೇ ಮುಚ್ಚಿಹೋದ ಸಕ್ಕರೆ ಕಾರ್ಖಾನೆ. ಮುಂದೆ ಹೋದರೆ 2015ರಲ್ಲಿ ಉತ್ಪಾದನೆ ನಿಂತ ಎಂಪಿಎಂ ಕಾಗದ ಕಾರ್ಖಾನೆ. ಅದರಾಚೆ ವಿಐಎಸ್‌ಎಲ್: 1918ರಲ್ಲಿ ಶುರುವಾದದ್ದು, 2023ರ ಜನವರಿಯಲ್ಲಿ ಮುಚ್ಚುತ್ತೇವೆ ಅಂದರು, ಕಾರ್ಮಿಕರು ಬೀದಿಗಿಳಿದ ಮೇಲೆ ಆಗಸ್ಟ್‌ನಲ್ಲಿ ಅಷ್ಟೋ ಇಷ್ಟೋ ಕೆಲಸ ಮತ್ತೆ ಶುರು. ಊರಿಗೆ ಊರೇ ಒಂದೆರಡು ಚಿಮಣಿಗಳನ್ನು ನಂಬಿತ್ತು. ಅವು ಹೊಗೆಯಾಡುತ್ತಿದ್ದಷ್ಟು ಕಾಲ ಯಾರಿಗೂ ಏನೂ ಅನ್ನಿಸಲಿಲ್ಲ. ನೋಡುವವರಿಗೆ ಆಗಲೂ ಅಂಕಿಸಂಖ್ಯೆ ಚೆನ್ನಾಗಿಯೇ ಕಾಣುತ್ತಿತ್ತು.

ಸಿಂಹಕ್ಕೆ ಎರಡನೇ ಮನೆ ಬೇಕು ಅನ್ನುವುದು ಹೊಸ ಆಲೋಚನೆ ಅಲ್ಲ. 1957ರಲ್ಲೇ ಉತ್ತರಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಮೂರು ಸಿಂಹ ಒಯ್ದಿದ್ದರು. 1965ರ ಹೊತ್ತಿಗೆ 11 ಆದವು, ಆಮೇಲೆ ಕಾಣೆಯಾದವು. ಸರಿಯಾಗಿ ಕಾವಲು, ನಿಗಾ ಇರಲಿಲ್ಲ. 90ರ ದಶಕದಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಹಲವು ಜಾಗ ನೋಡಿ ಮಧ್ಯಪ್ರದೇಶದ ಕುನೊವನ್ನು ಆರಿಸಿತು. 24 ಹಳ್ಳಿಗಳ 1,545 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಅವರಿಗೆ ಹೇಳಿದ್ದು: ಸಿಂಹ ಬರುತ್ತದೆ, ಜಾಗ ಬಿಡಿ.

ಗುಜರಾತ್ ಕೊಡಲಿಲ್ಲ. ಕೇಸ್ ಸುಪ್ರೀಂ ಕೋರ್ಟಿಗೆ ಹೋಯಿತು. ಸಿಂಹ ನಮ್ಮ ಕುಟುಂಬದವರ ಹಾಗೆ ಅನ್ನುವುದೂ ಗುಜರಾತಿನ ವಾದದಲ್ಲಿತ್ತು. 2013ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಸಿ.ಕೆ. ಪ್ರಸಾದ್ ಅವರ ಪೀಠ ಅದನ್ನು ಒಪ್ಪಲಿಲ್ಲ. ವನ್ಯಜೀವಿ ಯಾವ ರಾಜ್ಯದ ಆಸ್ತಿಯೂ ಅಲ್ಲ, ನೋಡಬೇಕಾದ್ದು ಆ ಜೀವಸಂಕುಲಕ್ಕೆ ಯಾವುದು ಒಳ್ಳೆಯದು ಅನ್ನುವುದನ್ನು ಮಾತ್ರ ಅಂತ ಹೇಳಿ, ಆರು ತಿಂಗಳಲ್ಲಿ ಸ್ಥಳಾಂತರಿಸಿ ಅಂತ ಆದೇಶ ಕೊಟ್ಟಿತು. ಅದೇ ತೀರ್ಪಿನಲ್ಲಿ, ಆಫ್ರಿಕದ ಚೀತಾಗಳನ್ನು ಕುನೊಗೆ ತರುವ ಯೋಜನೆಯನ್ನು ರದ್ದು ಮಾಡಿತು.

ಆಮೇಲೆ ಆದದ್ದು ನಿಮಗೆ ಗೊತ್ತು. ಆರು ತಿಂಗಳು ಹೋಗಿ ಹನ್ನೆರಡು ವರ್ಷ ದಾಟಿದೆ. ಕುನೊಗೆ ಒಂದೇ ಒಂದು ಸಿಂಹ ಬಂದಿಲ್ಲ. 2020ರಲ್ಲಿ ಅದೇ ನ್ಯಾಯಾಲಯ ಪ್ರಾಯೋಗಿಕವಾಗಿ ಚೀತಾ ತರಲು ಒಪ್ಪಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳು ಕ್ಯಾಮೆರಾಗಳ ಮುಂದೆ ಕುನೊದಲ್ಲಿ ಇಳಿದವು. ಯಾವುದು ಬೇಡ ಅಂತ ತೀರ್ಪು ಬಂದಿತ್ತೋ ಅದು ಬಂತು, ಯಾವುದು ಬರಲೇಬೇಕು ಅಂತ ಬಂದಿತ್ತೋ ಅದು ಬರಲಿಲ್ಲ.

ಇದು ಬರೀ ವಿಳಂಬ ಅಲ್ಲ ಅನ್ನೋದು ನನ್ನ ಅನುಮಾನ. ಸಿಂಹ ಇರುವ ಕಡೆ ಚೀತಾ ನೆಲೆಯೂರುವುದು ಕಷ್ಟ, ಕಂಡರೆ ಸಿಂಹ ಅದನ್ನು ಕೊಲ್ಲುತ್ತದೆ. ಹಾಗಾಗಿ ಚೀತಾ ಕುನೊದಲ್ಲಿ ಇನ್ನೂ ಬೇರೂರಬೇಕು ಅನ್ನೋವರೆಗೂ ಸಿಂಹಕ್ಕೆ 'ಈಗ ಬೇಡ' ಅನ್ನಲು ಒಂದು ವೈಜ್ಞಾನಿಕ ಕಾರಣವೇ ಸಿಕ್ಕಿಬಿಟ್ಟಿತು. ಪ್ರಾಜೆಕ್ಟ್ ಲಯನ್ ಘೋಷಣೆಯಾದ 2020ರಲ್ಲಿ ಕುನೊ ಬಿಟ್ಟು ಬೇರೆ ಜಾಗಗಳ ಹೆಸರೂ ಬಂದಿತ್ತು, ಅದರಲ್ಲಿ ಮಧ್ಯಪ್ರದೇಶದ ಗಾಂಧಿಸಾಗರವೂ ಒಂದು. 2025ರ ಏಪ್ರಿಲ್‌ನಲ್ಲಿ ಅಲ್ಲಿಗೂ ಚೀತಾ ಬಿಟ್ಟರು. ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವುದನ್ನು ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಓಡಾಡಿದವರು ಬಲ್ಲರು.

ಗುಜರಾತಿನ ಬಳಿ ಒಂದು ಉತ್ತರ ಇದೆ: ಬರ್ಡಾ. ಪೋರಬಂದರ್ ಹತ್ತಿರದ ಅಭಯಾರಣ್ಯ. 2023ರಲ್ಲಿ ಒಂದು ಗಂಡು ಸಿಂಹ ತಾನಾಗಿ ನಡೆದು ಅಲ್ಲಿಗೆ ಹೋಯಿತು, 2025ರ ಗಣತಿಯಲ್ಲಿ 17 ಆಗಿವೆ. ಇದೇ ಎರಡನೇ ಮನೆ, ಹೊರರಾಜ್ಯ ಯಾಕೆ ಬೇಕು ಅನ್ನುತ್ತಾರೆ. ಪ್ರಾಜೆಕ್ಟ್ ಲಯನ್‌ಗೆ 2,900 ಕೋಟಿ ರೂಪಾಯಿಗೂ ಹೆಚ್ಚು ಇಟ್ಟಿದ್ದಾರೆ. ಬರ್ಡಾ ಒಳ್ಳೆಯ ಸುದ್ದಿಯೇ. ಆದರೆ ಅದು 200 ಚದರ ಕಿಲೋಮೀಟರೂ ಇಲ್ಲದ ಜಾಗ. ಗಿರ್‌ನಿಂದ ಸಿಂಹ ನಡೆದು ಅಲ್ಲಿಗೆ ಮುಟ್ಟಬಹುದಾದರೆ, ರೋಗವೂ ಮುಟ್ಟಬಹುದು. ಅದೇ ದನ, ಅದೇ ನಾಯಿ, ಅದೇ ಚಂಡಮಾರುತ. ಮನೆಯ ಹಾಲಿನಲ್ಲಿರುವ ಹಾರ್ಡ್‌ಡಿಸ್ಕಿಗೆ ಬೆಡ್‌ರೂಮಿನಲ್ಲಿ ಬ್ಯಾಕಪ್ ಇಟ್ಟ ಹಾಗೆ. ಮನೆಗೇ ಬೆಂಕಿ ಬಿದ್ದರೆ?

ಗುಜರಾತನ್ನು ಬೈದು ಮುಗಿಸುವುದು ನಮಗೆ ಸುಲಭ. ಆ ಕಡೆಯ ಸರ್ಕಾರದ ಬಣ್ಣ ನೋಡಿ ಇನ್ನೂ ಜೋರಾಗಿ ಬೈಯುವವರು ಇದ್ದಾರೆ. ಆದರೆ ಸಿಂಹ ಕೊಡುವುದಿಲ್ಲ ಅನ್ನುವುದರಲ್ಲಿ ಅಲ್ಲಿನ ಪಕ್ಷಗಳ ನಡುವೆ ದೊಡ್ಡ ಜಗಳವೇನೂ ಇಲ್ಲ, ಅದು ಅಸ್ಮಿತೆಯ ವಿಷಯ ಆಗಿಹೋಗಿದೆ. ನಮ್ಮಲ್ಲೂ ಗಣತಿ ಬಂದಾಗ ಆನೆಯಲ್ಲಿ ನಾವೇ ನಂಬರ್ ಒನ್ ಅಂತ ಸಚಿವರು ಟ್ವೀಟ್ ಮಾಡುತ್ತಾರೆ. ಗುಜರಾತ್ 891ರ ಲೆಕ್ಕ ಕೊಟ್ಟ ಅದೇ ಮೇ ತಿಂಗಳಲ್ಲಿ ಕರ್ನಾಟಕ ಆಂಧ್ರಕ್ಕೆ ನಾಲ್ಕು ಕುಮ್ಕಿ ಆನೆ ಕೊಟ್ಟಿತು, ವಿಧಾನಸೌಧದ ಮುಂದೆ ಕಾರ್ಯಕ್ರಮ ಮಾಡಿ. ನಮ್ಮ ಆನೆ ಯಾಕೆ ಕೊಟ್ಟಿರಿ ಅಂತ ಕೇಳಿದವರು ನಮ್ಮಲ್ಲೂ ಇದ್ದರು. ಕೊಟ್ಟದ್ದು ಸರಿಯೇ. ಆದರೆ ಅವು ಪಳಗಿದ ಆನೆ, ಸರ್ಕಾರದ ರಿಜಿಸ್ಟರಿನಲ್ಲಿರುವವು. ಗಿರ್‌ನ ಸಿಂಹ ಯಾರ ರಿಜಿಸ್ಟರಿನಲ್ಲೂ ಇಲ್ಲ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ, ಇಷ್ಟು ಸಾಲಾಗಿ ಅಲ್ಲ. ಅವರು ವೈರಸ್ಸಿನ ಬಗ್ಗೆ ಏನೂ ಕೇಳಲಿಲ್ಲ. ಭದ್ರಾದಿಂದ 2001-02ರಲ್ಲಿ ಎದ್ದುಬಂದವರ ಮಾತು ತೆಗೆದರು. 400ಕ್ಕೂ ಹೆಚ್ಚು ಕುಟುಂಬಗಳು ಆಗ ಕಾಡಿನೊಳಗಿನ ಊರು ಬಿಟ್ಟು ಎಂ.ಸಿ. ಹಳ್ಳಿ, ಕೆಳಗೂರು ಕಡೆ ಹೋದವು. ನೀರಾವರಿ ಜಮೀನು ಸಿಕ್ಕಿತು, ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಇದೂ ಒಂದು ಅಂತ ಹೆಸರಾಯಿತು.

"ಅವರಿಗೆ ಊರು ಬಿಟ್ಟ ಸಂಕಟ ಇದ್ದೇ ಇದೆ ಕಣೋ. ಆದ್ರೆ ಯಾಕೆ ಬಿಟ್ಟೆವು ಅಂತ ಕೇಳಿದ್ರೆ ತೋರಿಸಕ್ಕೆ ಅಲ್ಲಿ ಹುಲಿ ಆದ್ರೂ ಇದೆ. ಆ ಕುನೊದೋರಿಗೆ ಸಿಂಹ ಬರಲ್ಲ ಅಂತ ಯಾರಾದ್ರೂ ಹೋಗಿ ಹೇಳಿದಾರಾ?"

ಹೇಳಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. 2013ರ ಆದೇಶವನ್ನು ಹಿಂತೆಗೆದುಕೊಂಡ ದಾಖಲೆಯೂ ಬಿದ್ದಿಲ್ಲ. ಸಿಂಹ ಗಣತಿ ಐದು ವರ್ಷಕ್ಕೊಮ್ಮೆ, ಮುಂದಿನದು 2030ಕ್ಕೆ. ಒಟ್ಟು ಸಂಖ್ಯೆ ಸಾವಿರ ದಾಟಿರಬಹುದು, ದಾಟಿದರೆ ಹೆಡ್‌ಲೈನ್ ಅದೇ ಆಗುತ್ತದೆ. ಗುಜರಾತಿನ ಹೊರಗೆ ಎಷ್ಟು ಕಾಡು ಸಿಂಹ ಅನ್ನುವುದನ್ನು ನಾನು ಹುಡುಕುತ್ತೇನೆ. ಈಗ ಅದು ಸೊನ್ನೆ.